ಮುಟ್ಟಿದವರನ್ನಷ್ಟೇ ಹಿಡಿಯುವ ಬಲ

ಆಸ್ಪತ್ರೆಯ ಆ ಕೋಣೆಯ ನೆಲದ ಮೇಲೆ ಒಂದು ಹಳದಿ ಪಟ್ಟಿ ಅಂಟಿಸಿದ್ದರು. ಪಟ್ಟಿಯ ಆಚೆ ಮಂಚ, ಮಂಚದ ಮೇಲೆ ನನ್ನ ಹೆಂಡತಿ. ಈಚೆ ಬಾಗಿಲ ಹತ್ತಿರ ನಾನು. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಅಲ್ಲಿ ನಿಂತು ಮಾತಾಡಿಸಬಹುದಿತ್ತು, ದಾಟುವ ಹಾಗಿರಲಿಲ್ಲ. ಅವಳ ಬಾಯಲ್ಲಿ ಹುಳಿ ಪೆಪ್ಪರಮೆಂಟು, ಕೈಯಲ್ಲಿ ನೀರಿನ ಬಾಟಲಿ, ಮೈಮೇಲೆ ಎರಡು ಕಂಬಳಿ. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗುವ ಬಿಸಿಲು.

"ಇಡೀ ಹೈದರಾಬಾದಿನಾಗ ರೇಟ್ ಇಳಸ್ತೀರಿ. ಈ ಗೆರಿ ಒಂದ್ ಮೊಳ ಸರಸಾಕ ಆಗ್ಲಿಲ್ಲ ನಿಮಗ," ಎಂದಳು.

ನಗುತ್ತಲೇ ಅಂದಳು. ಮುಖ ಊದಿಕೊಂಡಿದ್ದರಿಂದ ನಗು ಪೂರ್ತಿ ಬರಲಿಲ್ಲ.

ಚೌಕಾಶಿ ನನ್ನ ಹೊಟ್ಟೆಪಾಡು. ಕಲಬುರಗಿ ಕಡೆಯಿಂದ ಗಾರೆ ಕೆಲಸದವರ ಗುಂಪಿನಲ್ಲಿ ಬಂದವನು ನಾನು. ಮಣಿಕೊಂಡದ ಆಚೆ ಗಾಜಿನ ಕಟ್ಟಡಗಳು ಏಳತೊಡಗಿದಾಗ ಕೆಲವು ದಿನ ಇಟ್ಟಿಗೆ ಹೊತ್ತೆ. ಅಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಕಂಪನಿಗಳು ಒಂದು ಮಹಡಿ ತೆರೆಯುತ್ತವೆ, ಇನ್ನೊಂದು ಮುಚ್ಚುತ್ತವೆ, ಜನ ಹೋಗುತ್ತಾರೆ, ಕುರ್ಚಿ ಉಳಿಯುತ್ತದೆ. ಆ ಉಳಿದ ಕುರ್ಚಿಗಳನ್ನು ಕೊಂಡು ಮಾರುವುದರಿಂದ ದಿಲ್‌ಸುಖ್‌ನಗರದ ಗಲ್ಲಿಯಲ್ಲಿ ಒಂದು ಮನೆಯಾಯಿತು. ಹಳೆ ಕುರ್ಚಿ ಕೊಳ್ಳುವವರು ಅದರ ಮೇಲೆ ಕೂತು ನೋಡುತ್ತಾರೆ. ಕೂಡಬೇಡಿ. ತಲೆಕೆಳಗು ಮಾಡಿ ಅಡಿಯ ಬೆಸುಗೆ ನೋಡಿ. ಇನ್ನೊಂದು ಮಾತು, ಗಿರಾಕಿಗೆ ಮೊದಲ ಬೆಲೆಯನ್ನು ನಿಜ ಹೇಳಬೇಡಿ. ಎದುರಿಗೆ ನಿಂತವರು ನಿಜ ಕೇಳಲು ಬಂದಿರುವುದಿಲ್ಲ, ಸಮಾಧಾನ ಒಯ್ಯಲು ಬಂದಿರುತ್ತಾರೆ.

ಅವಳು ಈಗ ಇಲ್ಲ. ಇದನ್ನು ಓದುವವರಲ್ಲಿ ಅವಳಿಲ್ಲ ಎಂಬ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ.

ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡದ್ದು ಮಗಳು ಬಸುರಿ ಎಂಬ ಸುದ್ದಿ ಬಂದ ಹೊತ್ತಿಗೆ. ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್. ಗ್ರಂಥಿಯನ್ನು ತೆಗೆದರು. ಆದರೆ ಅದರ ಬೀಜ ಅಷ್ಟರಲ್ಲಿ ಶ್ವಾಸಕೋಶಕ್ಕೆ ಇಳಿದಿತ್ತು. ಅದನ್ನು ಸುಡಲು ವಿಕಿರಣ ಸೂಸುವ ಅಯೋಡಿನ್ ಕುಡಿಸಬೇಕು ಎಂದರು ಡಾಕ್ಟರು. ಆ ಜೀವಕಣಗಳಿಗೆ ಅಯೋಡಿನ್ ಎಂದರೆ ಪ್ರಾಣ, ಎಲ್ಲಿ ಅಡಗಿದ್ದರೂ ಅವು ಅದನ್ನು ಎಳೆದುಕೊಳ್ಳುತ್ತವೆ, ಎಳೆದುಕೊಂಡು ಸಾಯುತ್ತವೆ. ಅದಕ್ಕೆ ಮೊದಲು ಅವನ್ನು ಹಸಿವೆಗೆ ಕೆಡವಬೇಕು. ಅಯೋಡಿನ್ ಇಲ್ಲದ ಉಪ್ಪಿಗಾಗಿ ಕೋಠಿಯ ಅಂಗಡಿಗಳನ್ನೆಲ್ಲ ಸುತ್ತಿ ಹರಳುಪ್ಪು ತಂದೆ. ಥೈರಾಯ್ಡ್ ಮಾತ್ರೆಯನ್ನೂ ನಿಲ್ಲಿಸಿದ್ದರು. ಅದಿಲ್ಲದೆ ಮೈ ತಣ್ಣಗಾಗಿ ಊದಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅವಳಿಗೆ ಕಂಬಳಿ ಬೇಕಾದದ್ದು ಅದಕ್ಕೆ.

ಅವಳಿಗೆ ಕ್ಯಾನ್ಸರಿನ ಹೆದರಿಕೆ ಇದ್ದಂತೆ ಕಾಣಲಿಲ್ಲ. ಅವಳ ಹೆದರಿಕೆ ಬಾಣಂತನದ್ದು. ಮಗಳ ಮೊದಲ ಹೆರಿಗೆ. ಅದು ತವರಲ್ಲೇ ಆಗಬೇಕು, ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು, ಬಾಣಂತಿಗೆ ಬಿಸಿನೀರು ಹಾಕುವುದು, ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಕೊಡುವುದು, ಎಲ್ಲ ಅವ್ವನ ಕೈಯಿಂದಲೇ ಆಗಬೇಕು. ನನ್ನ ಹೆಂಡತಿಯ ಅವ್ವ ಅವಳ ಬಾಣಂತನಕ್ಕೆ ಬದುಕಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಒಬ್ಬಳೇ ಕೂತು ತಾನೇ ತನ್ನ ಮೈಗೆ ನೀರು ಹಾಕಿಕೊಂಡದ್ದನ್ನು ಅವಳು ಮರೆತಿರಲಿಲ್ಲ.

"ನನ್ನ ಮಗಳಿಗೆ ಹಂಗ ಆಗಬಾರದು. ಔಷಧ ಆಮ್ಯಾಲ ಕುಡೀತೀನಿ," ಎಂದು ಹಟ ಹಿಡಿದಳು.

ನಾನು ಡಾಕ್ಟರ ಹತ್ತಿರ ಮುಂದೂಡಲು ಕೇಳಿದೆ. ಅವರು ಒಪ್ಪಲಿಲ್ಲ. ಅವರ ಮಾತೂ ಸರಿಯಾಗಿತ್ತು. ಕೂಸು ಬಂದ ಮೇಲೆ ಔಷಧ ಕುಡಿದರೆ ಕೂಸಿನಿಂದಲೇ ದೂರ ಇರಬೇಕಾಗುತ್ತದೆ, ಈಗಲೇ ಮುಗಿಸಿದರೆ ಒಂಬತ್ತನೇ ತಿಂಗಳಿಗೆ ಸೀಮಂತದ ಕುಬಸ ಮಾಡಿ ಮಗಳನ್ನು ಕರೆತರುವಷ್ಟರಲ್ಲಿ ಎಲ್ಲ ತಿಳಿಯಾಗಿರುತ್ತದೆ. ಮಗಳು ಆಗ ರಾಯಚೂರಿನಲ್ಲಿ ಗಂಡನ ಮನೆಯಲ್ಲಿದ್ದಳು. ಲೆಕ್ಕ ಚೆನ್ನಾಗಿತ್ತು. ಇವತ್ತು ಕೂತು ನೋಡಿದರೂ ಆ ಲೆಕ್ಕದಲ್ಲಿ ತಪ್ಪು ಸಿಗುವುದಿಲ್ಲ.

ಆಸ್ಪತ್ರೆಗೆ ಸೇರುವ ಮುಂಚೆ ಅವಳು ಮಗಳ ಬಾಣಂತನಕ್ಕೆಂದು ಒಂದು ಡಬ್ಬಿ ತುಂಬ ಅಂಟಿನುಂಡಿ ಕಟ್ಟಿಟ್ಟಳು. ಔಷಧ ಕುಡಿದ ಮೇಲೆ ತನ್ನ ಕೈಯಡುಗೆಯನ್ನು ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ ಎಂದು ಯಾರೋ ಹೇಳಿದ್ದರು. ಕೊಬ್ಬರಿ, ಒಣ ಖರ್ಜೂರ, ತುಪ್ಪದಲ್ಲಿ ಹುರಿದ ಅಂಟು. ಬಾತ ಬೆರಳುಗಳಿಂದ ಕಟ್ಟಿದ್ದರಿಂದ ಉಂಡಿಗಳು ಒಂದರ ಹಾಗೆ ಒಂದು ಇರಲಿಲ್ಲ.

ಔಷಧವನ್ನು ಸೀಸದ ಗಡಿಗೆಯಲ್ಲಿ ತಂದವಳು ಒಬ್ಬ ಹುಡುಗಿ. ಡಾಕ್ಟರಲ್ಲ, ಆಸ್ಪತ್ರೆಯ ಭೌತವಿಜ್ಞಾನಿ. ಅವಳ ಅಪ್ಪ ಧಾರವಾಡ ಕಡೆಯಿಂದ ಇಲ್ಲಿನ ರಕ್ಷಣಾ ಕಾರ್ಖಾನೆಯೊಂದಕ್ಕೆ ಬಂದವರು. ಹೊರಗೆ ತೆಲುಗು, ಮನೆಯಲ್ಲಿ ನಮ್ಮ ಮಾತು. ಹೆಂಡತಿಯ ಮೈಯಿಂದ ಹೊರಡುವ ಕಿರಣವನ್ನು ದಿನಾ ಅಳೆಯುವುದು ಅವಳ ಕೆಲಸ. ಅಳತೆ ಇಳಿದರೆ ಬಿಡುಗಡೆ, ಆಮೇಲೆ ಮನೆಯಲ್ಲೂ ಕೆಲವು ವಾರ ಎಳೆಮಕ್ಕಳಿಂದ, ಬಸುರಿಯರಿಂದ ದೂರ. ದೊಡ್ಡವರು ಸ್ವಲ್ಪ ಅಂತರದಲ್ಲಿ ಸ್ವಲ್ಪ ಹೊತ್ತು ಕೂಡಬಹುದು.

ನಾನು ಆ ಹುಡುಗಿಯ ಕೋಣೆಗೆ ಹೋಗಿ ಕೂತೆ. ಕೆಲವು ವಾರವನ್ನು ಎರಡಕ್ಕೆ ಇಳಿಸಬಹುದೇ ಎಂದು ಕೇಳಿದೆ.

"ಕಾಕಾ, ಇದರಾಗ ರೇಟ್ ಮಾತಾಡಾಕ ಬರಂಗಿಲ್ಲ," ಎಂದಳು.

ಯಾಕೆ ಬರುವುದಿಲ್ಲ ಎಂದು ಕೇಳಿದ್ದೇ ನನ್ನ ಜೀವನದ ಮೊದಲ ಭೌತಶಾಸ್ತ್ರದ ಪಾಠವಾಯಿತು. ಮಗಳ ವಯಸ್ಸಿನವಳು. ಬೇಸರಪಡದೆ ಹೇಳಿದಳು.

ಪ್ರತಿ ಪರಮಾಣುವಿನ ನಡುವೆ ಒಂದು ಬೀಜವಿದೆ, ಅದರಲ್ಲಿ ಪ್ರೋಟಾನು ಮತ್ತು ನ್ಯೂಟ್ರಾನು ಎಂಬ ಎರಡು ಬಗೆಯ ಕಣಗಳು ಒತ್ತಿಕೊಂಡು ಕೂತಿವೆ. ಪ್ರೋಟಾನುಗಳು ಒಂದನ್ನೊಂದು ಕಂಡರೆ ತಳ್ಳುತ್ತವೆ. ಆ ತಳ್ಳಾಟ ಎಷ್ಟು ದೂರಕ್ಕೂ ಮುಟ್ಟುತ್ತದೆ, ಬೀಜದ ಈ ತುದಿಯದು ಆ ತುದಿಯದನ್ನೂ ತಳ್ಳುತ್ತದೆ. ಹಾಗಾದರೆ ಬೀಜ ಸಿಡಿದು ಚೂರಾಗಬೇಕಲ್ಲ? ಆಗುವುದಿಲ್ಲ. ಯಾಕೆಂದರೆ ಅದಕ್ಕಿಂತ ಎಷ್ಟೋ ಪಾಲು ಗಟ್ಟಿಯಾದ ಇನ್ನೊಂದು ಬಲವಿದೆ, ಅದು ಎಳೆದು ಹಿಡಿಯುತ್ತದೆ. ಪ್ರೋಟಾನು, ನ್ಯೂಟ್ರಾನು ಎಂಬ ಭೇದ ಅದಕ್ಕಿಲ್ಲ. ಆದರೆ ಆ ಬಲದ ಕೈ ಭಾಳ ಗಿಡ್ಡ. ಪಕ್ಕದಲ್ಲಿ ಮೈಗೆ ಮೈ ತಾಗಿ ಕೂತವರನ್ನಷ್ಟೇ ಹಿಡಿಯುತ್ತದೆ. ಒಂದು ಕಣದಷ್ಟು ಆಚೆ ಸರಿದರೆ ಹಿಡಿತ ಇಲ್ಲವೇ ಇಲ್ಲ.

"ಜಗಳ ಇಡೀ ಓಣಿಗೆ ಕೇಳತೈತಿ ಕಾಕಾ. ಹಿಡಿಯೋ ಕೈ ಬಾಜೂದವರಿಗಷ್ಟ ಮುಟ್ಟತೈತಿ."

ನ್ಯೂಟ್ರಾನಿನ ಉಪಕಾರ ಅಲ್ಲಿ. ಅದು ಯಾರನ್ನೂ ತಳ್ಳುವುದಿಲ್ಲ, ಮುಟ್ಟಿದವರನ್ನು ಹಿಡಿಯುತ್ತದೆ. ಪ್ರೋಟಾನು ಹೆಚ್ಚಾದಂತೆ ಜಗಳ ಹೆಚ್ಚುತ್ತದೆ, ಆಗ ನ್ಯೂಟ್ರಾನುಗಳನ್ನು ಇನ್ನೂ ಹೆಚ್ಚು ಸೇರಿಸಬೇಕಾಗುತ್ತದೆ. ಮೇಜಿನ ಮೇಲಿದ್ದ ಗಡಿಗೆ ತೋರಿಸಿ, ಸೀಸದವರೆಗೆ ಹೀಗೆ ಸಂಭಾಳಿಸಬಹುದು, ಅದರ ಆಚೆ ಎಷ್ಟು ನ್ಯೂಟ್ರಾನು ಸುರಿದರೂ ಯಾವ ಬೀಜವೂ ಶಾಶ್ವತವಾಗಿ ನಿಲ್ಲುವುದಿಲ್ಲ ಎಂದಳು.

ಗಡಿಗೆಯನ್ನು ಎತ್ತಿ ನೋಡಿದೆ. ಕೈ ಜಗ್ಗಿತು. ತೂಕ ನೋಡುವುದು ನನ್ನ ಚಟ ಎಂದು ಗೊತ್ತಾಗಿ ಅವಳು ಇನ್ನೊಂದು ಮಾತು ಹೇಳಿದಳು. ಈ ಸೀಸದ ಎಲ್ಲ ಪ್ರೋಟಾನು, ನ್ಯೂಟ್ರಾನುಗಳನ್ನು ಬಿಡಿಸಿ ಒಂದೊಂದಾಗಿ ತೂಗಿದರೆ ಗಡಿಗೆಯ ತೂಕಕ್ಕಿಂತ ಜಾಸ್ತಿ ಬರುತ್ತದೆ. ಹಾಗಾದರೆ ನಡುವೆ ಯಾರೋ ತೂಕದಲ್ಲಿ ಹೊಡೆದಿದ್ದಾರೆ ಎಂದೆ. ನಕ್ಕಳು. ಯಾರೂ ಹೊಡೆದಿಲ್ಲ. ಕೂಡಿಕೊಳ್ಳುವಾಗ ಒಂದಿಷ್ಟು ತೂಕ ಶಕ್ತಿಯಾಗಿ ಹೊರಗೆ ಹೋಗಿದೆ. ಅವನ್ನು ಮತ್ತೆ ಬೇರೆ ಮಾಡಬೇಕೆಂದರೆ ಹೋದಷ್ಟನ್ನೂ ತಂದು ತುಂಬಬೇಕು. ತುಂಬುವವರು ಇಲ್ಲದ್ದರಿಂದ ಅವು ಬಿಡಿಸಿಕೊಳ್ಳಲಾರವು. ಬಂಧನ ಎಂದರೆ ಅಷ್ಟೇ, ಕಳೆದುಕೊಂಡದ್ದರ ಗಟ್ಟಿತನ.

ಅದು ನನಗೆ ತಟ್ಟನೆ ತಿಳಿಯಿತು. ಮಗಳನ್ನು ರಾಯಚೂರಿಗೆ ಕೊಟ್ಟವರಿಗೆ ತಿಳಿಯದೆ ಇರುತ್ತದೆಯೇ?

ತಿಳಿಯದೆ ಉಳಿದದ್ದು ಇದು. ಉಪ್ಪಿನೊಳಗಿನ ಸಾಧಾರಣ ಅಯೋಡಿನ್ನಿನಲ್ಲಿ ಎಷ್ಟು ಪ್ರೋಟಾನೋ ಈ ಔಷಧದ ಅಯೋಡಿನ್ನಿನಲ್ಲೂ ಅಷ್ಟೇ. ನ್ಯೂಟ್ರಾನು ಮಾತ್ರ ನಾಲ್ಕು ಹೆಚ್ಚು. ಹಿಡಿಯುವವರು ಹೆಚ್ಚಾದರೆ ಇನ್ನೂ ಗಟ್ಟಿಯಾಗಬೇಕು, ಇದೇಕೆ ಒಡೆಯುತ್ತದೆ?

ಅದಕ್ಕೆ ಅವಳು ನನ್ನ ಸರಕನ್ನೇ ಬಳಸಿದಳು. ಬೀಜದೊಳಗೆ ಎರಡೂ ಜಾತಿಗೆ ಬೇರೆ ಬೇರೆ ಕುರ್ಚಿಸಾಲುಗಳಿವೆ, ಕೆಳಗಿನಿಂದ ತುಂಬುತ್ತ ಹೋಗಬೇಕು, ಒಂದು ಕುರ್ಚಿಗೆ ಇಬ್ಬರು ಕೂಡುವಂತಿಲ್ಲ. ಹೆಚ್ಚಿಗೆ ಬಂದ ನ್ಯೂಟ್ರಾನು ಮೇಲಿನ ಎತ್ತರದ ಕುರ್ಚಿಯಲ್ಲೇ ಕೂಡಬೇಕು. ಆ ಕಡೆ ಪ್ರೋಟಾನಿನ ಸಾಲಿನಲ್ಲಿ ಕೆಳಗಿನ ಕುರ್ಚಿ ಖಾಲಿ ಇರುತ್ತದೆ. ಒಂದಲ್ಲ ಒಂದು ಗಳಿಗೆ ಆ ನ್ಯೂಟ್ರಾನು ಪ್ರೋಟಾನಾಗಿ ಬದಲಾಗಿ ಅಲ್ಲಿಗೆ ಇಳಿಯುತ್ತದೆ. ಇಳಿಯುವಾಗ ಒಂದು ಎಲೆಕ್ಟ್ರಾನನ್ನು ಹೊರಗೆ ಎಸೆಯುತ್ತದೆ. ಕ್ಯಾನ್ಸರನ್ನು ಸುಡುವುದು ಅದು. ಹಿಂದೆಯೇ ಒಂದು ಕಿರಣ ಹೊರಡುತ್ತದೆ. ಮೈ ದಾಟಿ, ಗೋಡೆಯವರೆಗೂ ಬಂದು, ಅವಳ ಮೀಟರಿನ ಮುಳ್ಳನ್ನು ಅಲುಗಿಸುವುದು ಅದು.

ಯಾವಾಗ ಇಳಿಯುತ್ತದೆ ಎಂದು ಕೇಳಿದೆ. ಯಾವ ಒಂದರ ಬಗ್ಗೆಯೂ ಹೇಳಲಾಗದು, ಎಂಟು ದಿನಕ್ಕೆ ಅರ್ಧದಷ್ಟು ಇಳಿದಿರುತ್ತವೆ, ಇನ್ನೆಂಟು ದಿನಕ್ಕೆ ಉಳಿದುದರ ಅರ್ಧ. ಮಂಜುಗಡ್ಡೆ ಇಟ್ಟರೆ? ಇಲ್ಲ. ಕಾಯಿಸಿದರೆ? ಅದೂ ಇಲ್ಲ. ಬಿಸಿ, ತಂಪು, ಔಷಧ ಎಲ್ಲ ಪರಮಾಣುವಿನ ಹೊರಗಿನ ಅಂಗಳಕ್ಕೆ ಮುಟ್ಟುವಂಥವು. ಒಳಕೋಣೆಯ ವ್ಯವಹಾರಕ್ಕೆ ಯಾರ ಕೈಯೂ ಹೋಗುವುದಿಲ್ಲ.

ಆದರೂ ಬರಿಗೈಯಲ್ಲಿ ಏಳುವವನಲ್ಲ ನಾನು. ಕೆದಕಿ ಕೆದಕಿ ಕೇಳಿದ ಮೇಲೆ ಒಂದು ದಾರಿ ಸಿಕ್ಕಿತು. ಅದು ಒಡೆಯುವುದನ್ನು ಅವಸರಿಸಲಾಗದು, ಆದರೆ ಮೈಯಲ್ಲಿ ಅಂಟದೆ ಉಳಿದದ್ದು ನೀರಿನ ಜೊತೆ ಹೊರಗೆ ಹೋಗುತ್ತದೆ. ನೀರು ಕುಡಿಯಬೇಕು, ಜೊಲ್ಲು ಊರಲು ಹುಳಿ ಚೀಪಬೇಕು, ದಿನಾ ಮೈ ತೊಳೆಯಬೇಕು. ಹೆಂಡತಿಗೆ ಹೋಗಿ ಹೇಳಿದೆ. ಆಮೇಲೆ ಆ ಬಾಟಲಿ ಅವಳ ಕೈಯಿಂದ ಇಳಿಯಲಿಲ್ಲ. ಬೇಗ ಬಿಟ್ಟರು.

ಮನೆಯ ಮೇಲೆ ಸರಕು ಇಡುವ ಒಂದು ಕೋಣೆ ಇತ್ತು. ಅಲ್ಲಿ ಹಾಸಿಗೆ ಹಾಕಿಕೊಟ್ಟೆ. ಮಗಳು ಬರಲು ಇನ್ನೂ ಎಷ್ಟೋ ವಾರವಿತ್ತು, ಆದರೂ ಅವಳು ಮೇಲೆಯೇ ಇರುತ್ತೇನೆ ಎಂದಳು. ಸುತ್ತಲೂ ಕಾಲು ಮೇಲೆ ಮಾಡಿ ಪೇರಿಸಿಟ್ಟ ಕುರ್ಚಿಗಳು. "ಕಂಪನಿ ಮಾಲಕಿ ಆದಂಗ ಆತು ನೋಡ್ರಿ, ಕೆಲಸದವರೆಲ್ಲ ಓಡಿ ಹೋಗ್ಯಾರ," ಎಂದು ತಮಾಷೆ ಮಾಡಿದಳು.

ನಮ್ಮ ಲೆಕ್ಕ ಕೆಟ್ಟದ್ದು ರಾಯಚೂರಿನ ಒಂದು ಫೋನಿನಿಂದ. ಮಗಳಿಗೆ ರಕ್ತದೊತ್ತಡ ಏರಿ ಕಾಲು ಬಾತುಕೊಂಡು, ಅಲ್ಲಿಯ ಡಾಕ್ಟರು ಕೂಡಲೇ ದೊಡ್ಡ ಊರಿಗೆ ಒಯ್ಯಿರಿ ಎಂದಿದ್ದರು. ಹೈದರಾಬಾದಿಗೇ ಕರೆತಂದರು. ಬಂದ ದಿನವೇ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಗಂಡು. ತಿಂಗಳು ತುಂಬಿರಲಿಲ್ಲ. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು, ತೂಕ ಹತ್ತುತ್ತಿದೆ, ಇನ್ನು ಮನೆಯಲ್ಲಿ ನೋಡಿಕೊಳ್ಳಿ ಎಂದು ಕಳಿಸಿದರು. ಬಾಣಂತಿ ಎಲ್ಲಿಗೆ ಹೋಗುತ್ತಾಳೆ? ತವರಿಗೆ. ಹೀಗೆ ಕೆಳಗೆ ಮಗಳು, ಕೂಸು, ಮೇಲೆ ಅವಳು. ನಡುವೆ ಮೆಟ್ಟಿಲು.

ಕೂಸನ್ನು ಎರೆಯಲು ಓಣಿಯ ಒಬ್ಬ ಮುದುಕಿಯನ್ನು ಗೊತ್ತು ಮಾಡಿದೆ. ತೆಲುಗಿನವಳು. ನನ್ನ ಹೆಂಡತಿ ಮೇಲಿನ ಮೆಟ್ಟಿಲ ಮೇಲೆ ಕೂತು, ಕಾಣದ ಬಚ್ಚಲಿಗೆ ಕಿವಿಗೊಟ್ಟು, ತನ್ನ ಅರೆಬರೆ ತೆಲುಗಿನಲ್ಲಿ ಅಪ್ಪಣೆ ಕೊಡುತ್ತಿದ್ದಳು. ನೀರು ಮೊದಲು ಮೊಣಕೈ ಮೇಲೆ ಹಾಕಿಕೊಂಡು ನೋಡು. ನೆತ್ತಿಯ ಮೇಲೆ ಒತ್ತಬೇಡ. ಮುದುಕಿ ಗೊಣಗುತ್ತಿದ್ದಳು. ಕೂಸಿನ ಅಳು ನಿಂತರೆ ಇವಳಿಗೆ ಗಾಬರಿ, ಅತ್ತರೆ ಸಂಕಟ. ಮಗಳು ಒಮ್ಮೊಮ್ಮೆ ಮೆಟ್ಟಿಲ ಬುಡಕ್ಕೆ ಬಂದು ನಿಂತು ಅವ್ವನ ಕಡೆ ನೋಡುತ್ತಿದ್ದಳು. ಅಂಟಿನುಂಡಿ ತಿನ್ನುತ್ತಿದ್ದೀಯಾ ಎಂದು ಇವಳು ಕೇಳುವುದು, ಹೂಂ ಎಂದು ಅವಳು ಹೇಳುವುದು, ಅಷ್ಟೇ.

ತೊಟ್ಟಿಲ ದಿನ ಬೀಗತಿ, ಅಂದರೆ ಅಳಿಯನ ತಾಯಿ, ರಾಯಚೂರಿನಿಂದ ಬಂದರು. ಒಳ್ಳೆಯ ಹೆಂಗಸು. ನಾನು ಅವರನ್ನು ಕೂಡಿಸಿ ಪ್ರೋಟಾನು, ನ್ಯೂಟ್ರಾನು, ಕುರ್ಚಿಸಾಲು ಎಲ್ಲ ಹೇಳಿದೆ. ತಲೆಯಾಡಿಸಿದರು. ಅವರಿಗೆ ಅರ್ಥವಾದದ್ದು ಬೇರೆ. ಹೆರಿಗೆಯ ಪುರುಡಿನ ಹಾಗೆ ಇದೂ ಒಂದು ಮುಟ್ಟಬಾರದ ಅವಧಿ, ಪುರುಡು ಕಳೆದ ದಿನ ತಲೆ ಮೇಲೆ ನೀರು ಬಿದ್ದರೆ ಇದೂ ಕಳೆಯುತ್ತದೆ ಎಂದುಕೊಂಡರು. ಅಂದು ಬೆಳಿಗ್ಗೆ ಪುರುಡು ಕಳೆದಿತ್ತು. ಹೆಂಡತಿಯೂ ಮೈ ತೊಳೆದುಕೊಂಡಿದ್ದಳು. ಆದರೆ ಅವಳ ಅವಧಿ ಔಷಧ ಕುಡಿದ ದಿನದಿಂದ ಎಣಿಸುವಂಥದು, ಇನ್ನೂ ಬಾಕಿ ಇತ್ತು.

ನಾನು ಬಂದವರಿಗೆ ಊಟಕ್ಕೆ ಬಡಿಸುವುದರಲ್ಲಿದ್ದೆ. ಬೀಗತಿ ಕೂಸಿಗೆ ಹೊಸ ಕುಲಾಯಿ ತೊಡಿಸಿ, ಎತ್ತಿಕೊಂಡು ಮೆಟ್ಟಿಲು ಹತ್ತಿದ್ದರು. ಮೇಲೆ ಬಾಗಿಲು ಬಡಿಯುವ ಸದ್ದು ಕೇಳಿ ಓಡಿದೆ. ಕಿಟಕಿಯಿಂದ ಅವರು ಬರುವುದನ್ನು ನೋಡಿ ಇವಳು ಒಳಗಿನಿಂದ ಅಗಳಿ ಹಾಕಿಕೊಂಡಿದ್ದಳು.

"ಬೀಗತೀ, ಪುರುಡ ಕಳೀತು. ಬಾಗಲಾ ತಗೀರಿ, ಮೊಮ್ಮಗನ ಮಾರಿ ನೋಡ್ರಿ."

"ನನ್ನ ಪುರುಡ ಇನ್ನೂ ಕಳದಿಲ್ರಿ."

"ಇಷ್ಟ್ ಗಟ್ಟಿ ಮನಸ ಮಾಡಬ್ಯಾಡ್ರಿ. ಒಂದೀಟ ಉಡ್ಯಾಗ ಹಾಕ್ಕೊಂಡು ಕೊಡ್ರಿ."

ಒಳಗೆ ಕುರ್ಚಿಯೊಂದು ಉರುಳಿದ ಸದ್ದಾಯಿತು. ಅವಳು ಬಾಗಿಲಿನಿಂದ ಹಿಂದೆ, ಆ ಕಡೆಯ ಗೋಡೆಗೆ ಸರಿದಿದ್ದಳು. ಅಲ್ಲಿಂದಲೇ ಕೇಳಿದಳು.

"ಕೈ ಹೆಂಗದಾವ್ರಿ ಅವನವು? ಬೆರಳ ಉದ್ದ ಅದಾವೇನು?"

ಉದ್ದ ಇವೆ ಎಂದರು ಬೀಗತಿ. ಅವರ ಕಣ್ಣಲ್ಲಿ ನೀರು ಬಂದಿತ್ತು, ಸಿಟ್ಟಿನದೋ ಮತ್ತೊಂದರದೋ. ನಾನು ಕೂಸನ್ನು ತೆಗೆದುಕೊಂಡು ಕೆಳಗಿಳಿದೆ. ಮೊಮ್ಮಗನನ್ನು ನೋಡಲೊಲ್ಲದ ಅಜ್ಜಿ ಎಂಬ ಮಾತು ಅಂದೇ ಊಟದ ಪಂಕ್ತಿಯಲ್ಲಿ ಓಡಾಡಿತು.

ಕೆಲವೇ ದಿನಗಳ ಮೇಲೆ, ಒಂದು ಬೆಳಿಗ್ಗೆ, ಹಾಲು ಕುಡಿದು ಮಲಗಿದ ಕೂಸು ಏಳಲಿಲ್ಲ. ಮಗಳು ಕೂಗಲಿಲ್ಲ. ನನ್ನ ಹತ್ತಿರ ತಂದು ತೋರಿಸಿದಳು, ಕೆಟ್ಟ ಗಡಿಯಾರವನ್ನು ತೋರಿಸುವ ಹಾಗೆ. ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ತಿಂಗಳು ತುಂಬದವು ಕೆಲವೊಮ್ಮೆ ನಿದ್ದೆಯಲ್ಲಿ ಉಸಿರು ಮರೆಯುತ್ತವೆ ಎಂದರು ಅಲ್ಲಿಯ ಡಾಕ್ಟರು. ಅಜ್ಜಿಯ ಔಷಧಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನಾನು ಕೇಳದೆಯೇ ಹೇಳಿದರು, ಅಳಿಯ ಅವರಿಗೆ ಅದನ್ನೇ ಕೇಳಿದ್ದನಂತೆ.

ಆಸ್ಪತ್ರೆಯ ಜಗಲಿಯಿಂದ ಕಿರಣ ಅಳೆಯುವ ಆ ಹುಡುಗಿಗೆ ಫೋನು ಮಾಡಿದೆ. ಕೂಸು ಹೋಯಿತು, ಅಜ್ಜಿ ಹಿಡಿದುಕೊಳ್ಳಬಹುದೇ ಎಂದೆ.

"ಹಿಡ್ಕೊಳ್ಳಲಿ ಕಾಕಾ. ಎಷ್ಟ್ ಹೊತ್ತ ಬೇಕಾದ್ರೂ ಹಿಡ್ಕೊಳ್ಳಲಿ."

ಅಲ್ಲಿಗೇ ಫೋನು ಇಟ್ಟುಬಿಡಬೇಕಿತ್ತು. ತೊಟ್ಟಿಲ ದಿನದ್ದನ್ನು ಹೇಳಿ, ಅಂದು ಒಂದು ನಿಮಿಷ ಬಾಗಿಲು ತೆಗೆದಿದ್ದರೆ ಎಂದು ಕೇಳಿದೆ. ಅವಳು ಸುಳ್ಳು ಹೇಳಲು ಕಲಿತವಳಲ್ಲ. ಒಂದು ನಿಮಿಷಕ್ಕೆ ಏನೂ ಆಗುತ್ತಿರಲಿಲ್ಲ, ಆ ವಾರಗಳ ಲೆಕ್ಕ ದಿನಾ ಎತ್ತಿಕೊಳ್ಳುವವರಿಗೆ, ಪಕ್ಕದಲ್ಲಿ ಮಲಗಿಸಿಕೊಳ್ಳುವವರಿಗೆ ಹಾಕಿದ್ದು ಎಂದಳು. ಆಮೇಲೆ ಮೆಲ್ಲಗೆ, "ಕೇಳಿದ್ರ ಹೇಳತಿದ್ದೆ ಕಾಕಾ," ಎಂದಳು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಔಷಧ ಕೊಡುವುದಿದ್ದರೆ ನನ್ನ ಮಾತು ಕೇಳಿ. ಎಷ್ಟು ದಿನ ಎಂದಷ್ಟೇ ಕೇಳಿ ಎದ್ದು ಬರಬೇಡಿ. ಎಷ್ಟು ಹತ್ತಿರ, ಎಷ್ಟು ಹೊತ್ತು ಎಂದು ಕೇಳಿ. ಎರಡನ್ನೂ ಕೇಳಿ, ಉತ್ತರ ಬರುವವರೆಗೆ ಕುರ್ಚಿ ಬಿಡಬೇಡಿ. ಮತ್ತೆ ಅದನ್ನು ಔಷಧ ಕುಡಿಯುವವರ ಎದುರೇ ಕೇಳಿ.

ಮಣ್ಣಿಗೆ ಒಯ್ಯುವ ಮುಂಚೆ ಕೂಸನ್ನು ಮನೆಗೆ ತಂದೆವು. ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದಳು, ಯಾರೋ ಆಗಲೇ ಹೇಳಿದ್ದರು. ಕೆಳಗೆ ಬಾ, ಹಿಡಿಯಬಹುದಂತೆ ಎಂದೆ. ನನ್ನ ಮುಖವನ್ನು ಒಮ್ಮೆ ನೋಡಿ, ಇಳಿದು ಬಂದು ಪಡಸಾಲೆಯಲ್ಲಿ ಕಾಲು ಚಾಚಿ ಕೂತಳು, ಎರೆಯಲು ಕೂಡುವ ಹಾಗೆ. ಕೂಸನ್ನು ಮೊಣಕಾಲ ಮೇಲೆ ಮಲಗಿಸಿದೆ. ಅವಳು ಎಣ್ಣೆ ಕೇಳಿದಳು. ಬಿಸಿನೀರು ಕೇಳಿದಳು. ತೆಲುಗಿನ ಮುದುಕಿ ಈ ಸಲ ಗೊಣಗದೆ ತಂದುಕೊಟ್ಟಳು. ಅವಳು ನೀರನ್ನು ತನ್ನ ಮೊಣಕೈ ಮೇಲೆ ಹಾಕಿಕೊಂಡು ನೋಡಿದಳು, ಬಿಸಿ ಹೆಚ್ಚಾಯಿತೆಂದು ತಣ್ಣೀರು ಬೆರೆಸಿದಳು. ಆ ಮೇಲೆ ಎರೆದಳು. ನೆತ್ತಿ ಒತ್ತಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೊಳೆದಳು.

ಮಗಳು ಎದುರು ಗೋಡೆಗೆ ಆನಿಕೊಂಡು ನೋಡುತ್ತಿದ್ದಳು. ಎದ್ದು ಬಂದಳು.

"ದೂರ ಕೂಡವ್ವ," ಎಂದಳು ನನ್ನ ಹೆಂಡತಿ. ಮಗಳು ಕೇಳಲಿಲ್ಲ. ಅವ್ವನ ಭುಜಕ್ಕೆ ಭುಜ ಹಚ್ಚಿ ಕೂತಳು. ಆಮೇಲೆ ಯಾರೂ ಅಲುಗಲಿಲ್ಲ. ನೀರು ಪಡಸಾಲೆಯ ಅಂಚಿಗೆ ಹರಿದು ನಿಂತಿತು.

ಬಟ್ಟೆ ಸುತ್ತುವಾಗ ಹೆಂಡತಿ ತಲೆಯೆತ್ತದೆ ಕೇಳಿದಳು.

"ಫೋನ್ ಹಚ್ಚಿದ್ರಲ್ಲ ಆ ಹುಡುಗಿಗೆ. ಅವತ್ತ ಬಾಗಲಾ ತಗದಿದ್ರ ಏನಾಗತಿತ್ತಂತ?"

"ಅದನ್ನ ಕೇಳಲಿಲ್ಲ," ಎಂದೆ.